ಮಾತಿಗೆ ಮೊದಲು ಒಪ್ಪಂದ: ಟರ್ಮಿನಲ್ ತಂತ್ರಾಂಶದ ಸೆಟ್ಟಿಂಗ್‌ಗಳು



ನೀವು ಮನೆಯಲ್ಲಿ ಕುಳಿತು ಸಂವಾದ ಕಾರ್ಯಕ್ರಮ ನೋಡುತ್ತೀರಿ. ಆದರೆ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮೊದಲು ಸ್ಟುಡಿಯೋದಲ್ಲಿ ನಡೆಯುವ ಒಂದು ಪುಟ್ಟ ಸಂವಾದ ನಿಮಗೆ ಕಾಣುವುದಿಲ್ಲ. ಬೇರೆ ಊರಿನಲ್ಲಿ ಕುಳಿತ ಅತಿಥಿಯನ್ನು ನಮ್ಮ ಸ್ಟುಡಿಯೋಗೆ ಜೋಡಿಸುವಾಗ ಧ್ವನಿ ಎಂಜಿನಿಯರು, "ಸಾರ್, ಕೇಳಿಸ್ತಾ ಇದೆಯಾ? ಒಂದರಿಂದ ಹತ್ತರವರೆಗೆ ಎಣಿಸಿ" ಎನ್ನುತ್ತಾರೆ. ಆ ಕಡೆಯಿಂದ ಎಣಿಕೆ ಸ್ಪಷ್ಟವಾಗಿ ಬಂದ ಮೇಲೆಯೇ ಉಳಿದ ಕೆಲಸ. ಎರಡೂ ಕಡೆಯವರು ಮೊದಲು ಕೆಲವು ವಿಷಯಗಳನ್ನು ಒಪ್ಪಿಕೊಳ್ಳದಿದ್ದರೆ ಎಂಥ ವಿದ್ವಾಂಸರ ಮಾತೂ ಕೇಳುಗರನ್ನು ತಲುಪುವುದಿಲ್ಲ.

ಎರಡು ಗಣಕಗಳು ಮಾತನಾಡುವಾಗಲೂ ಹೀಗೆಯೇ. ಟರ್ಮಿನಲ್ ತಂತ್ರಾಂಶವನ್ನು ತೆರೆದ ಕೂಡಲೇ ನಿಮ್ಮೆದುರು ಹತ್ತಾರು ಚೌಕಗಳೂ ಸಂಖ್ಯೆಗಳೂ ಇರುವ ಒಂದು ಕಿಟಕಿ ಬರುತ್ತದೆ. ಅದನ್ನು ಕಂಡು ಗಾಬರಿಯಾಗಿ ಕಂಡ ಕಂಡ ಚೌಕಕ್ಕೆಲ್ಲ ಗುರುತು ಹಾಕುವವರುಂಟು. ಯಾವುದನ್ನೂ ಮುಟ್ಟದೆ ಕೈಕಟ್ಟಿ ಕೂರುವವರೂ ಉಂಟು. ಎರಡೂ ಬೇಡ. ಅಲ್ಲಿರುವ ಒಂದೊಂದು ಸೆಟ್ಟಿಂಗ್ ಕೂಡ ಎರಡು ತುದಿಗಳ ನಡುವಿನ ಒಂದೊಂದು ಒಪ್ಪಂದ. ಯಾವ ಒಪ್ಪಂದ ಏತಕ್ಕೆ ಎಂಬುದನ್ನು ತಿಳಿದರೆ ಕೆಲಸ ಸುಲಭ.

ವೇಷ ಹಾಕಿದ ತಂತ್ರಾಂಶ

ಮೊದಲು ಟರ್ಮಿನಲ್ ಎಂದರೇನು ನೋಡೋಣ. ಹಿಂದೆ ಗಣಕವೆಂದರೆ ಒಂದು ಕೋಣೆಯನ್ನೇ ತುಂಬುವ ಯಂತ್ರ. ಅದರ ಜೊತೆ ವ್ಯವಹರಿಸಲು ತಂತಿಯ ತುದಿಯಲ್ಲಿ ಬೆರಳಚ್ಚು ಯಂತ್ರದಂಥ ಒಂದು ಸಾಧನವಿರುತ್ತಿತ್ತು. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಇವುಗಳಲ್ಲಿ ಹೆಸರುವಾಸಿ. ಅದು ಸೆಕೆಂಡಿಗೆ 10 ಅಕ್ಷರಗಳನ್ನು ಕಾಗದದ ಮೇಲೆ ಹೊಡೆಯುತ್ತಿತ್ತು. ಆಮೇಲೆ ಕಾಗದದ ಬದಲು ಗಾಜಿನ ಪರದೆ ಬಂತು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ತಂದ ವಿಟಿ 100 ಎಂಬ ಟರ್ಮಿನಲ್ ಸಾಲಿಗೆ 80 ಅಕ್ಷರಗಳಂತೆ 24 ಸಾಲುಗಳನ್ನು ತೋರಿಸುತ್ತಿತ್ತು.

ಈ ಯಂತ್ರಗಳು ಈಗ ವಸ್ತುಸಂಗ್ರಹಾಲಯ ಸೇರಿವೆ. ಆದರೆ ಅವುಗಳ ಭಾಷೆ ಸತ್ತಿಲ್ಲ. ಇಂದಿನ ಗಣಕದಲ್ಲಿ ಒಂದು ತಂತ್ರಾಂಶ ಆ ಹಳೆಯ ಯಂತ್ರದ ವೇಷ ಹಾಕುತ್ತದೆ. ದೂರದ ಗಣಕಕ್ಕೆ ತಾನೇ ವಿಟಿ 100 ಅಥವಾ ಅದರ ವಂಶಸ್ಥ ಎಂದು ಹೇಳಿಕೊಳ್ಳುತ್ತದೆ. ಇದಕ್ಕೇ ಟರ್ಮಿನಲ್ ಎಮ್ಯುಲೇಷನ್ ಎಂದು ಹೆಸರು. ವಿಂಡೋಸ್ 95ರಿಂದ ಎಕ್ಸ್‌ಪಿವರೆಗೆ ಹೈಪರ್‌ಟರ್ಮಿನಲ್ ಎಂಬ ತಂತ್ರಾಂಶ ಜೊತೆಗೇ ಬರುತ್ತಿತ್ತು. ಇಂಗ್ಲೆಂಡಿನ ಸೈಮನ್ ಟ್ಯಾಥಮ್ 1990ರ ದಶಕದ ಕೊನೆಯಲ್ಲಿ ಬರೆಯತೊಡಗಿದ ಪಟ್ಟಿ ಎಂಬ ತಂತ್ರಾಂಶ ಇಂದಿಗೂ ಉಚಿತವಾಗಿ ಸಿಗುತ್ತದೆ. ಮುಂದಿನ ಉದಾಹರಣೆಗಳಿಗೆ ಅದನ್ನೇ ಇಟ್ಟುಕೊಳ್ಳೋಣ. ಉಳಿದವುಗಳಲ್ಲಿಯೂ ಇವೇ ಸೆಟ್ಟಿಂಗ್‌ಗಳು ಬೇರೆ ಬೇರೆ ಜಾಗದಲ್ಲಿ ಇರುತ್ತವೆ.

ತಂತಿಯ ಮೇಲಿನ ನಾಲ್ಕು ಮಾತು

ಒಂದು ಸಾಧನಕ್ಕೆ ನೇರವಾಗಿ ಸೀರಿಯಲ್ ಕೇಬಲ್ ಜೋಡಿಸಿದ್ದೀರಿ ಎನ್ನಿ. ಈ ಕೇಬಲಿನಲ್ಲಿ ಬಿಟ್‌ಗಳು ಒಂದರ ಹಿಂದೆ ಒಂದು, ಸಾಲಾಗಿ ಹೋಗುತ್ತವೆ. ಯಾವ ಬಿಟ್ ಎಲ್ಲಿ ಮುಗಿಯಿತು ಎಂದು ಹೇಳುವ ಗಡಿಯಾರದ ತಂತಿ ಬೇರೆ ಇರುವುದಿಲ್ಲ. ಹಾಗಾಗಿ ಎರಡೂ ತುದಿಗಳು ಮೊದಲೇ ನಾಲ್ಕು ಮಾತು ಒಪ್ಪಿಕೊಂಡಿರಬೇಕು: ವೇಗ, ಒಂದು ಅಕ್ಷರಕ್ಕೆ ಎಷ್ಟು ಬಿಟ್, ಪ್ಯಾರಿಟಿ ಇದೆಯೇ ಇಲ್ಲವೇ, ಕೊನೆಯಲ್ಲಿ ಎಷ್ಟು ನಿಲುಗಡೆ ಬಿಟ್.

ಪಟ್ಟಿಯನ್ನು ತೆರೆದರೆ ಮೊದಲಿಗೆ ಕಾಣುವುದು 9600, 8, ಪ್ಯಾರಿಟಿ ಇಲ್ಲ, 1 ಎಂಬ ಹೊಂದಾಣಿಕೆ. ಇದರ ಅರ್ಥವನ್ನು ಲೆಕ್ಕ ಹಾಕೋಣ. ಅಕ್ಷರದ ಆರಂಭ ಸೂಚಿಸಲು 1 ಬಿಟ್, ಅಕ್ಷರಕ್ಕೆ 8, ನಿಲುಗಡೆಗೆ 1. ಒಟ್ಟು 10 ಬಿಟ್. ಸೆಕೆಂಡಿಗೆ 9600 ಬಿಟ್ ಎಂದರೆ 960 ಅಕ್ಷರ. ವಿಟಿ 100ರ ಪೂರ್ತಿ ಪರದೆಯಲ್ಲಿ 80 ಗುಣಿಸು 24, ಅಂದರೆ 1920 ಅಕ್ಷರಗಳು. ಆದ್ದರಿಂದ ಪರದೆ ತುಂಬಲು ಸರಿಯಾಗಿ 2 ಸೆಕೆಂಡು ಬೇಕು. ಸೀರಿಯಲ್ ಕೇಬಲಿನಲ್ಲಿ ಅಕ್ಷರಗಳು ಸಾಲುಸಾಲಾಗಿ ಇಳಿದು ಬರುವಂತೆ ಕಾಣುವುದು ಏಕೆಂದು ಈಗ ತಿಳಿಯಿತಲ್ಲವೆ?

ವೇಗ ಹೊಂದದಿದ್ದರೆ ಏನಾಗುತ್ತದೆ? 9600ರ ವೇಗದಲ್ಲಿ ಒಂದು ಬಿಟ್ಟಿನ ಆಯುಷ್ಯ ಸುಮಾರು 104 ಮೈಕ್ರೊಸೆಕೆಂಡು. ಕೇಳುವವನು 4800 ಎಂದು ತಿಳಿದಿದ್ದರೆ ಅವನು ಅದರ ಎರಡರಷ್ಟು ಹೊತ್ತಿಗೊಮ್ಮೆ ನೋಡುತ್ತಾನೆ; ಎರಡು ಬಿಟ್‌ಗಳನ್ನು ಒಂದೆಂದು ಓದುತ್ತಾನೆ. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಂತೆ ನೆರೆಯುತ್ತದೆ. ನೆನಪಿಡಿ: ಕಸದಂಥ ಅಕ್ಷರ ಬಂದರೂ ಅದು ಒಂದು ಸುದ್ದಿಯೇ. ಕೇಬಲ್ ಸರಿಯಿದೆ, ಆ ಕಡೆಯವರು ಮಾತನಾಡುತ್ತಿದ್ದಾರೆ, ತಪ್ಪಿರುವುದು ಬಹುಮಟ್ಟಿಗೆ ವೇಗ ಎಂದು ಅದು ಹೇಳುತ್ತದೆ. ಏನೂ ಬಾರದಿದ್ದರೆ ಮಾತ್ರ ಕೇಬಲ್ ಮತ್ತು ಪೋರ್ಟ್ ನೋಡಬೇಕು.

ಪ್ಯಾರಿಟಿಯ ವಿಷಯದಲ್ಲಿ ನಾನೇ ಪಾಠ ಕಲಿತವನು. ಕೆಲಸಕ್ಕೆ ಸೇರಿದ ಹೊಸತು. ವಿಜ್ಞಾನ ಪದವೀಧರನೆಂಬ ಹೆಮ್ಮೆ ಬೇರೆ. ಬೀಟಾಕ್ಯಾಮ್ ಟೇಪ್ ಯಂತ್ರವನ್ನು ಗಣಕದಿಂದ ನಡೆಸಿ ತೋರಿಸುತ್ತೇನೆಂದು ಹೇಳಿ, ಅದಕ್ಕೆ ಬೇಕಾದ ಆರ್‌ಎಸ್ 422 ಪರಿವರ್ತಕವನ್ನು ಜೋಡಿಸಿ ಕುಳಿತೆ. ಆದೇಶದ ಬೈಟ್‌ಗಳಿದ್ದ ಪುಟ್ಟ ಕಡತವನ್ನು ಟರ್ಮಿನಲ್ ತಂತ್ರಾಂಶದಿಂದ ಕಳುಹಿಸಿದೆ. ಯಂತ್ರ ಅಲುಗಾಡಲಿಲ್ಲ. ಕೇಬಲ್ ಬದಲಿಸಿದೆ, ಪರಿವರ್ತಕ ಬದಲಿಸಿದೆ. ಮಧ್ಯಾಹ್ನದ ಊಟವೂ ತಪ್ಪಿತು. ಸಂಜೆ ಹಿರಿಯ ಎಂಜಿನಿಯರೊಬ್ಬರು ಹಿಂದೆ ಬಂದು ನಿಂತು, "ಕೇಬಲ್ ಆಮೇಲೆ ನೋಡುವೆಯಂತೆ, ಪ್ಯಾರಿಟಿ ಏನಿಟ್ಟಿದ್ದೀಯಪ್ಪಾ?" ಎಂದರು. ನಾನು ವೇಗವನ್ನು 38,400ಕ್ಕೆ ಸರಿಯಾಗಿಯೇ ಏರಿಸಿದ್ದೆ. ಪ್ಯಾರಿಟಿಯನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೆ. ಸೋನಿಯವರ ಈ ಒಂಬತ್ತು ಪಿನ್ನಿನ ನಿಯಂತ್ರಣ ಪದ್ಧತಿಗೆ ಬೆಸ ಪ್ಯಾರಿಟಿ ಬೇಕು.

ಬೆಸ ಪ್ಯಾರಿಟಿ ಎಂದರೆ ಸರಳವಾದ ಎಣಿಕೆ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಸಂಕೇತ 65. ದ್ವಿಮಾನದಲ್ಲಿ ಅದು 01000001. ಇದರಲ್ಲಿ ಎರಡು ಒಂದುಗಳಿವೆ. ಒಟ್ಟು ಬೆಸವಾಗಲೆಂದು ಕಳುಹಿಸುವವನು ಇನ್ನೊಂದು 1 ಸೇರಿಸುತ್ತಾನೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಎಣಿಕೆ ಸಮವಾಗುತ್ತದೆ. ಕೇಳುವವನಿಗೆ ತಪ್ಪು ಗೊತ್ತಾಗುತ್ತದೆ. ಸೇರಿಸಬೇಕಾದ ಆ ಬಿಟ್ಟನ್ನು ನಾನು ಸೇರಿಸಿರಲಿಲ್ಲ. ಆದ್ದರಿಂದ ನನ್ನ ಆದೇಶಗಳು ಆ ಯಂತ್ರದ ಲೆಕ್ಕದಲ್ಲಿ ತಪ್ಪು ಮಾತುಗಳಾಗಿದ್ದವು. ಅಂದಿನಿಂದ ಕೇಬಲಿಗೆ ಕೈ ಹಾಕುವ ಮೊದಲು ಸಾಧನದ ಕೈಪಿಡಿ ತೆರೆದು ಈ ನಾಲ್ಕು ಮಾತುಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ತಡೆಯುವುದು, ಬಿಡುವುದು

ಕೇಳುವವನಿಗೆ ಬರೆದುಕೊಳ್ಳಲು ಸಮಯ ಸಾಲದಿದ್ದರೆ "ಸ್ವಲ್ಪ ತಾಳಿ" ಎನ್ನಬೇಕಷ್ಟೆ. ಇದಕ್ಕೆ ಫ್ಲೋ ಕಂಟ್ರೋಲ್ ಎನ್ನುತ್ತಾರೆ. ಒಂದು ಬಗೆಯಲ್ಲಿ ಇದಕ್ಕಾಗಿ ಪ್ರತ್ಯೇಕ ತಂತಿಗಳಿರುತ್ತವೆ. ಇನ್ನೊಂದರಲ್ಲಿ ಮಾತಿನ ನಡುವೆಯೇ ಒಂದು ಸಂಕೇತ ಹೋಗುತ್ತದೆ: 19 ಎಂದರೆ ನಿಲ್ಲು, 17 ಎಂದರೆ ಮುಂದುವರಿ. ಕೀಲಿಮಣೆಯಲ್ಲಿ ಕಂಟ್ರೋಲ್ ಜೊತೆ 'ಎಸ್' ಒತ್ತಿದರೆ ಹೋಗುವುದು ಇದೇ 19.

ಈಗ ಒಂದು ಒಗಟು ಬಿಡಿಸಬಹುದು. ಕಡತ ಉಳಿಸುವ ಅಭ್ಯಾಸದಿಂದ ಟರ್ಮಿನಲಿನಲ್ಲಿ ಕಂಟ್ರೋಲ್-ಎಸ್ ಒತ್ತಿದ ವಿದ್ಯಾರ್ಥಿ, ಪರದೆ ಸ್ತಬ್ಧವಾಯಿತೆಂದು ಹೆದರಿ ಗಣಕವನ್ನೇ ಆರಿಸುತ್ತಾನೆ. ಏನೂ ಕೆಟ್ಟಿಲ್ಲ, ಆ ಕಡೆಯ ಗಣಕ ಆಜ್ಞೆಯಂತೆ ಸುಮ್ಮನೆ ನಿಂತಿದೆ. ಕಂಟ್ರೋಲ್-ಕ್ಯೂ ಒತ್ತಿ, ಮಾತು ಮುಂದುವರಿಯುತ್ತದೆ. ಇನ್ನೊಂದು ಎಚ್ಚರಿಕೆ: ಕಳುಹಿಸುತ್ತಿರುವುದು ಬರಹವಲ್ಲದೆ ಬರೀ ಬೈಟ್‌ಗಳ ಕಡತವಾಗಿದ್ದರೆ ಅದರೊಳಗೆ 19 ಸಹಜವಾಗಿಯೇ ಇರಬಹುದು. ಅಂಥಲ್ಲಿ ಈ ಎರಡನೆಯ ಬಗೆಯ ನಿಯಂತ್ರಣವನ್ನು ತೆಗೆದುಹಾಕಬೇಕು.

ರಾತ್ರಿ ತುಂಡಾದ ಸಂಪರ್ಕ

ಇನ್ನು ಕೇಬಲ್ ಬಿಟ್ಟು ಜಾಲಕ್ಕೆ ಬರೋಣ. ಇಲ್ಲಿ ವೇಗ, ಪ್ಯಾರಿಟಿಗಳ ಚಿಂತೆ ನಿಮಗಿಲ್ಲ, ಬೇರೆ ಚಿಂತೆಗಳಿವೆ. ಕೆಲವು ವರ್ಷಗಳ ಹಿಂದೆ ಒಬ್ಬ ನಿವೃತ್ತ ಶಿಕ್ಷಕರ ಜೊತೆ ಒಂದು ಗಂಟೆಯ ಸಂವಾದ ಮುದ್ರಿಸಿದ್ದೆವು. ಮರುದಿನ ಬೆಳಿಗ್ಗೆ ಪ್ರಸಾರ. ಮುದ್ರಣವನ್ನು ಪ್ರಸಾರಕ್ಕೆ ತಕ್ಕ ರೂಪಕ್ಕೆ ತರುವ ಕೆಲಸವನ್ನು ನಾನು ರಾತ್ರಿ ಇನ್ನೊಂದು ಕಟ್ಟಡದಲ್ಲಿದ್ದ ಗಣಕಕ್ಕೆ ಒಪ್ಪಿಸಿ, ಟರ್ಮಿನಲ್ ಕಿಟಕಿಯನ್ನು ತೆರೆದಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಸಂಪರ್ಕ ಕಡಿದಿತ್ತು. ಕೆಲಸ ಅರ್ಧಕ್ಕೇ ನಿಂತಿತ್ತು. ಆ ಹೊತ್ತಿಗೆ ಹಳೆಯ ಕಾರ್ಯಕ್ರಮವೊಂದನ್ನು ಹಾಕಬೇಕಾಯಿತು. ಮೇಷ್ಟ್ರ ಊರಿನಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಒಂದೇ ಮನೆಯಲ್ಲಿ ಸೇರಿ ಟಿವಿ ಮುಂದೆ ಕುಳಿತಿದ್ದರಂತೆ. ಫೋನಿನಲ್ಲಿ ಕ್ಷಮೆ ಕೇಳಿದಾಗ ಅವರು, "ಇರಲಿ ಬಿಡಿ, ಮುಂದಿನ ವಾರ ಹಾಕಿ" ಎಂದರು. ಬೈದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ಏನಾಗಿತ್ತು? ನಿಮ್ಮ ಗಣಕಕ್ಕೂ ದೂರದ ಗಣಕಕ್ಕೂ ನಡುವೆ ರೂಟರ್ ಅಥವಾ ಫೈರ್‌ವಾಲ್ ಇರುತ್ತದೆ. ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂಬ ಪಟ್ಟಿ ಅದರ ಬಳಿ ಇರುತ್ತದೆ. ಬಹಳ ಹೊತ್ತು ಮಾತೇ ಇಲ್ಲದಿದ್ದರೆ, ಇವರು ಎದ್ದು ಹೋಗಿರಬೇಕು ಎಂದು ತಿಳಿದು ಅದು ಆ ಸಾಲನ್ನು ಅಳಿಸುತ್ತದೆ. ನನ್ನ ಕೆಲಸ ಗಂಟೆಗಟ್ಟಲೆ ಮೌನವಾಗಿ ನಡೆದಿತ್ತು. ಒಂದು ಹಂತ ಮುಗಿದು ಆ ಗಣಕ ನನಗೆ ಒಂದು ಸಾಲು ಹೇಳಲು ಬಂದಾಗ ದಾರಿಯೇ ಇರಲಿಲ್ಲ. ಸಂಪರ್ಕ ಮುರಿದುದನ್ನು ಕಂಡು ಅದು ಕೆಲಸ ಮಾಡುತ್ತಿದ್ದ ಪ್ರೋಗ್ರಾಮಿಗೆ 'ಫೋನ್ ಇಟ್ಟರು' ಎಂಬ ಸೂಚನೆ ಕೊಟ್ಟಿತು. ಟೆಲಿಫೋನ್ ಮೂಲಕ ಟರ್ಮಿನಲ್ ಜೋಡಿಸುತ್ತಿದ್ದ ಕಾಲದ ಸೂಚನೆ ಅದು. ಆ ಸೂಚನೆ ಬಂದರೆ ಪ್ರೋಗ್ರಾಮುಗಳು ಸಾಮಾನ್ಯವಾಗಿ ನಿಂತುಬಿಡುತ್ತವೆ.

ಇದಕ್ಕೆ ಪಟ್ಟಿಯಲ್ಲಿ ಕನೆಕ್ಷನ್ ಎಂಬ ಪುಟದಲ್ಲಿ ಕೀಪ್‌ಅಲೈವ್ ಎಂಬ ಸೆಟ್ಟಿಂಗ್ ಇದೆ. ಎಷ್ಟು ಸೆಕೆಂಡಿಗೊಮ್ಮೆ ಒಂದು ಬರಿದಾದ ಸಂದೇಶ ಕಳುಹಿಸಬೇಕು ಎಂದು ಅಲ್ಲಿ ಬರೆಯಬೇಕು. ಮೊದಲಿಗೆ ಅಲ್ಲಿ 0 ಇರುತ್ತದೆ, ಅಂದರೆ ಕಳುಹಿಸಬೇಡ. ಅದನ್ನು 60 ಮಾಡಿದರೆ ನಿಮಿಷಕ್ಕೊಮ್ಮೆ ನಿಮ್ಮ ಗಣಕ "ಇದ್ದೇನೆ" ಎನ್ನುತ್ತದೆ. ನಡುವಿನ ರೂಟರ್ ನಿಮ್ಮ ಸಾಲನ್ನು ಅಳಿಸುವುದಿಲ್ಲ. ಅಲ್ಲಿಯೇ ಟಿಸಿಪಿ ಕೀಪ್‌ಅಲೈವ್ ಎಂಬ ಇನ್ನೊಂದು ಚೌಕವಿದೆ. ಅದು ಬೇರೆ. ಲಿನಕ್ಸ್‌ನಲ್ಲಿ ಅದರ ವಾಡಿಕೆಯ ಅವಧಿ 7200 ಸೆಕೆಂಡು, ಎಂದರೆ 2 ಗಂಟೆ. ಅಷ್ಟರಲ್ಲಿ ರೂಟರ್ ನಿಮ್ಮನ್ನು ಮರೆತಿರಬಹುದು.

ಹಾಗಾದರೆ ಎಲ್ಲೆಡೆಯೂ ಕೀಪ್‌ಅಲೈವ್ ಹಾಕಿಬಿಡೋಣವೇ ಎಂದು ನೀವು ಕೇಳಬಹುದು. ಬೇಡ. ಜಾಲ ಆಗಾಗ ಕೆಲವು ನಿಮಿಷ ಕಡಿದು ಮತ್ತೆ ಕೂಡುವ ಊರಿನಲ್ಲಿ ಇದರಿಂದಲೇ ತೊಂದರೆ. ಸುಮ್ಮನಿದ್ದಿದ್ದರೆ ಕಡಿದದ್ದು ಯಾರಿಗೂ ಗೊತ್ತಾಗದೆ ಸಂಪರ್ಕ ಉಳಿಯುತ್ತಿತ್ತು. "ಇದ್ದೇನೆ" ಎಂಬ ಸಂದೇಶ ತಲುಪದೆ ಹೋದದ್ದರಿಂದ ಗಣಕ ಸಂಪರ್ಕವನ್ನೇ ಮುಗಿಸುತ್ತದೆ. ನಿಮ್ಮ ಕಾಯಿಲೆ ಯಾವುದೆಂದು ತಿಳಿದು ಮದ್ದು ಹಾಕಿ. ನನ್ನ ಆ ರಾತ್ರಿಯ ಕೆಲಸಕ್ಕೆ ನಿಜವಾದ ಮದ್ದು ದೂರದ ಗಣಕದಲ್ಲೇ ಇತ್ತು: ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ ಪ್ರೋಗ್ರಾಮಿನೊಳಗೆ ಕೆಲಸ ಹಚ್ಚಿದ್ದರೆ, ನನ್ನ ಸಂಪರ್ಕ ಕಡಿದರೂ ಅದು ತನ್ನ ಪಾಡಿಗೆ ಮುಗಿಯುತ್ತಿತ್ತು.

ಓದದೆ ಒತ್ತಬಾರದ ಗುಂಡಿ

ಜಾಲದಲ್ಲಿ ಸಂಪರ್ಕದ ಬಗೆಯನ್ನೂ ನೀವೇ ಆರಿಸಬೇಕು. ಹಳೆಯದು ಟೆಲ್‌ನೆಟ್, ಅದರ ಪೋರ್ಟ್ 23. ಅದರಲ್ಲಿ ನಿಮ್ಮ ಗುಪ್ತಪದವೂ ಸೇರಿ ಎಲ್ಲವೂ ಅಂಚೆ ಕಾರ್ಡಿನಲ್ಲಿ ಬರೆದಂತೆ ತೆರೆದೇ ಹೋಗುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳಿ ಗುಪ್ತಪದಗಳನ್ನು ಸಂಗ್ರಹಿಸಿದ್ದು ಗೊತ್ತಾದಾಗ, ಅಲ್ಲಿನ ಟಾಟು ಯುಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ಎಂಬ ವಿಧಾನ ರೂಪಿಸಿದರು. ಅದರ ಪೋರ್ಟ್ 22. ಇಲ್ಲಿ ಮಾತೆಲ್ಲ ಲಕೋಟೆಯೊಳಗೆ, ಮುದ್ರೆಯೊತ್ತಿ ಹೋಗುತ್ತದೆ.

ಆದರೆ ಲಕೋಟೆ ಯಾರ ಕೈ ಸೇರುತ್ತಿದೆ? ಮೊದಲ ಬಾರಿ ಒಂದು ಗಣಕಕ್ಕೆ ಸಂಪರ್ಕಿಸಿದಾಗ ಪಟ್ಟಿ ಆ ಗಣಕದ ಕೀಲಿಯ 'ಬೆರಳಚ್ಚು' ತೋರಿಸಿ, ನಂಬಬಹುದೇ ಎಂದು ಕೇಳುತ್ತದೆ. ನಮ್ಮಲ್ಲಿ ಹೆಚ್ಚಿನವರು ಓದದೆಯೇ ಒಪ್ಪಿಬಿಡುತ್ತೇವೆ. ಸರಿಯಾದ ಕ್ರಮವೆಂದರೆ ಆ ಗಣಕದ ಮೇಲ್ವಿಚಾರಕರಿಂದ ಬೆರಳಚ್ಚನ್ನು ಮೊದಲೇ ಪಡೆದು ಹೋಲಿಸಿ ನೋಡುವುದು. ಒಮ್ಮೆ ಒಪ್ಪಿದ ಮೇಲೆ ಪಟ್ಟಿ ಅದನ್ನು ನೆನಪಿಡುತ್ತದೆ. ಮುಂದೊಂದು ದಿನ ಕೀಲಿ ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ, ಗಣಕವನ್ನು ಹೊಸದಾಗಿ ಸಜ್ಜುಗೊಳಿಸಿರಬಹುದು; ಅಥವಾ ನಡುವೆ ಬೇರೊಬ್ಬರು ಕುಳಿತು ಆ ಗಣಕದ ಹೆಸರಿನಲ್ಲಿ ಉತ್ತರ ಕೊಡುತ್ತಿರಬಹುದು. ಯಾವುದೆಂದು ಪರದೆ ನೋಡಿ ತಿಳಿಯಲಾಗದು. ಎದ್ದು ಹೋಗಿ, ಇಲ್ಲವೇ ಫೋನ್ ಮಾಡಿ, ಮೇಲ್ವಿಚಾರಕರನ್ನು ಕೇಳಿ. ಉಳಿದ ಯಾವ ಸೆಟ್ಟಿಂಗ್ ತಪ್ಪಿದರೂ ಹೆಚ್ಚೆಂದರೆ ಕೆಲಸ ಕೆಡುತ್ತದೆ. ಇದು ತಪ್ಪಿದರೆ ನಿಮ್ಮ ಮನೆಯ ಬೀಗದ ಕೈಯನ್ನು ನೀವೇ ಅಪರಿಚಿತನಿಗೆ ಕೊಟ್ಟಂತೆ.

ಕನ್ನಡಕ್ಕೆ ಬೇಕಾದ ಒಪ್ಪಂದ

ದೂರದ ಗಣಕದಲ್ಲಿ ಕನ್ನಡ ಕಡತವಿದೆ, ತೆರೆದರೆ ಯುರೋಪಿನ ಚಿತ್ರವಿಚಿತ್ರ ಅಕ್ಷರಗಳು ಬರುತ್ತವೆ. ಕಡತ ಕೆಟ್ಟಿತೆಂದು ಅಳಿಸಬೇಡಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗವಿದೆ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಅದರಂತೆ 'ಕ' ಎಂಬ ಒಂದೇ ಅಕ್ಷರ 224, 178, 149 ಎಂಬ ಮೂರು ಬೈಟ್‌ಗಳಾಗಿ ಬರುತ್ತದೆ. ನಿಮ್ಮ ತಂತ್ರಾಂಶ ಇವನ್ನು ಬಿಡಿಬಿಡಿಯಾಗಿ ಪಶ್ಚಿಮ ಯುರೋಪಿನ ಅಕ್ಷರಪಟ್ಟಿಯಲ್ಲಿ ಹುಡುಕಿದರೆ 'ಕ' ಹೋಗಿ, ನೆತ್ತಿಯ ಮೇಲೆ ಗೀರಿರುವ ಒಂದು ರೋಮನ್ ಅಕ್ಷರ, ಮೇಲಕ್ಕೇರಿದ ಒಂದು ಚಿಕ್ಕ 2 ಇತ್ಯಾದಿ ಕಾಣುತ್ತವೆ. ವಿಂಡೋ ವಿಭಾಗದ ಟ್ರಾನ್ಸ್‌ಲೇಷನ್ ಪುಟದಲ್ಲಿ ಯುಟಿಎಫ್-8 ಆರಿಸಿ, ಕನ್ನಡವಿರುವ ಅಕ್ಷರಶೈಲಿಯನ್ನು ಕೊಡಿ.

ಆದರೂ ಒತ್ತಕ್ಷರಗಳು ಚದುರಿದಂತೆ ಕಾಣಬಹುದು. ಟರ್ಮಿನಲ್ ಹುಟ್ಟಿದ್ದು ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದಲ್ಲಿ. ನಮ್ಮ 'ಕ್ಷ'ದಲ್ಲಿ 'ಕ', ವಿರಾಮ ಚಿಹ್ನೆ, 'ಷ' ಎಂಬ ಮೂರು ಸಂಕೇತಗಳಿದ್ದು ಅವು ಕೂಡಿ ಒಂದೇ ಆಕಾರವಾಗಬೇಕು. ಎಷ್ಟೋ ತಂತ್ರಾಂಶಗಳು ಇದನ್ನು ಸರಿಯಾಗಿ ಬಿಡಿಸಲಾರವು. ಕಾಣುವ ರೂಪ ಮಾತ್ರ ಕೆಟ್ಟಿರುತ್ತದೆ; ಒಳಗಿನ ಬರಹ ಕ್ಷೇಮವಾಗಿರುತ್ತದೆ.

ನೀವೇ ಮಾಡಿ ನೋಡಿ

ಯಾವುದನ್ನು ಬದಲಿಸುವುದಿದ್ದರೂ ಒಂದು ಬಾರಿಗೆ ಒಂದನ್ನೇ ಬದಲಿಸಿ. ಹಿಂದೆ ಏನಿತ್ತೆಂದು ಬರೆದಿಡಿ. ಸರಿಹೋದ ಮೇಲೆ ಸೆಷನ್ ಪುಟಕ್ಕೆ ಹಿಂತಿರುಗಿ, ಒಂದು ಹೆಸರು ಕೊಟ್ಟು ಉಳಿಸಿ. ಉಳಿಸದೆ ನೇರವಾಗಿ ಸಂಪರ್ಕಿಸಿದರೆ ನಾಳೆ ಎಲ್ಲವೂ ಮೊದಲಿನಂತೆಯೇ ಇರುತ್ತದೆ.

ಕೊನೆಗೊಂದು ಪ್ರಯೋಗ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ, ಒಂಬತ್ತು ಪಿನ್ನಿನ ಪರಿವರ್ತಕವೊಂದನ್ನು ನಿಮ್ಮ ಅಧ್ಯಾಪಕರ ಅನುಮತಿಯಿಂದ ತೆಗೆದುಕೊಳ್ಳಿ. ಅದರ 2 ಮತ್ತು 3ನೆಯ ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ. ಒಂದು ಕಳುಹಿಸುವ ಪಿನ್, ಇನ್ನೊಂದು ಕೇಳುವ ಪಿನ್. ಫ್ಲೋ ಕಂಟ್ರೋಲ್ ತೆಗೆದು, ಪಟ್ಟಿಯಲ್ಲಿ ಸೀರಿಯಲ್ ಸಂಪರ್ಕ ತೆರೆದು ಏನಾದರೂ ಒತ್ತಿ. ನೀವು ಕಳುಹಿಸಿದ ಅಕ್ಷರ ನಿಮಗೇ ಮರಳಿ ಬಂದು ಪರದೆಯಲ್ಲಿ ಕಾಣುತ್ತದೆ. ತಂತಿ ತೆಗೆದರೆ ಕಾಣುವುದಿಲ್ಲ.

ಈಗ ಮತ್ತೆ ತಂತಿ ಜೋಡಿಸಿ, ವೇಗವನ್ನು 9600ರಿಂದ 1200ಕ್ಕೆ ಇಳಿಸಿ. ಆಗಲೂ ಅಕ್ಷರಗಳು ತಪ್ಪಿಲ್ಲದೆ ಬರುತ್ತವೆ! ವೇಗ ಬದಲಾದರೆ ಕಸ ಬರುತ್ತದೆಂದು ಮೇಲೆ ಓದಿದಿರಿ. ಇಲ್ಲಿ ಏಕೆ ಬರಲಿಲ್ಲ? ಒಪ್ಪಂದ ಯಾರು ಯಾರ ನಡುವೆ ಆಗಿದೆ ಎಂದು ಯೋಚಿಸಿ, ಉತ್ತರ ಹೊಳೆಯುತ್ತದೆ.